ಒಗೆಯದ ಸೀರೆ

ಅತ್ತೆಯ ಬಾಯಿಯ ಒಂದು ಕಡೆಯಿಂದ ಮಜ್ಜಿಗೆ ಸೋರಿತು.

"ಯಾಕತ್ತೆ, ನೆಟ್ಟಗೆ ಕುಡೀರಿ" ಅಂದೆ. ಅವರು ಲೋಟ ಕೆಳಗಿಡಲು ಹೋದರು. ಕೈ ಜಾರಿತು. ಉರುಳಿದ ಲೋಟವನ್ನು ನೋಡುತ್ತ ಕೂತರು, ಎತ್ತಲಿಲ್ಲ. ಬಿದ್ದದ್ದನ್ನು ಎತ್ತದೆ ಬಿಡುವ ಹೆಂಗಸಲ್ಲ ಅವರು. ಆಗಲೇ ನನಗೆ ಹೆದರಿಕೆಯಾಯಿತು.

ನನ್ನ ಮಗ ಪರಶುರಾಂಪುರದಿಂದ ಕಾರು ಕರೆಸಿದ. ಚಳ್ಳಕೆರೆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು.

ಸ್ಟ್ರೋಕ್ ಅಂದರು.

ಬಲಗೈ ಬಲಗಾಲು ಹೋದವು. ಮಾತೂ ಹೋಯಿತು. ಮೂಗಿಗೆ ಟ್ಯೂಬ್ ಹಾಕಿದರು. ಅತ್ತೆ ಎಡಗೈಲಿ ಕಿತ್ತರು. ಮತ್ತೆ ಹಾಕಿದರು, ಮತ್ತೆ ಕಿತ್ತರು. ನರ್ಸ್ ಬಂದು ಆ ಕೈಯನ್ನು ಮಂಚದ ಕಂಬಿಗೆ ಕಟ್ಟಿದಳು.

ನಾನು ಸೊಸೆಯಾಗಿ ಬಂದಾಗಲೇ ಅತ್ತೆಗೆ ಗಂಡ ಇರಲಿಲ್ಲ. ಮಂದೆ ಹೊಡೆದುಕೊಂಡು ಭತ್ತದ ಸೀಮೆಗೆ ಹೋಗುವುದು, ಕೊಯ್ಲಾದ ಗದ್ದೆಯಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸುವುದು, ಮಳೆ ಬಿದ್ದ ಮೇಲೆ ಊರಿಗೆ ಬಂದು ಶೇಂಗಾ ಬಿತ್ತುವುದು, ಇದೆಲ್ಲದರ ನಡುವೆ ನಡೆಯುತ್ತಲೇ ಉಣ್ಣೆ ನೂಲುವುದು, ಎಲ್ಲ ಅವರೇ. ನನ್ನ ಗಂಡನನ್ನು ಹೆತ್ತದ್ದೂ ಯಾರದೋ ಗದ್ದೆಯ ಬದುವಿನಲ್ಲಿ. ಕೂತು ಉಂಡದ್ದನ್ನು ನಾನು ಕಂಡಿಲ್ಲ. ಎಲ್ಲರದೂ ಆದ ಮೇಲೆ ಒಲೆ ಮುಂದೆ ನಿಂತು, ಪಾತ್ರೆಯ ತಳ ಕೆರೆದು ತಿನ್ನುತ್ತಿದ್ದರು. ಬಲು ಒಳ್ಳೆಯವರು ಅಂತ ಹೇಳುತ್ತಿಲ್ಲ. ನಾಲಿಗೆ ಕೆಟ್ಟದ್ದು. ನಾನು ಮಾಡಿದ ಮುದ್ದೆ ನಾಯಿಗೂ ಬೇಡ ಅಂದಿದ್ದರು. ನನ್ನ ಗಂಡ ಸತ್ತಾಗ ನಾನು ಮೂಲೆ ಹಿಡಿದು ಕೂತಿದ್ದೆ. ಸತ್ತವನು ಅವರ ಮಗನೂ ಹೌದು. ಆದರೂ ಬಂದು ನನ್ನ ಕೈಗೆ ಕೋಲು ಕೊಟ್ಟರು. "ಎದ್ದೇಳೇ, ಕುರಿ ಹಸ್ಕಂಡದಾವೆ."

ಅಂಥವರ ಕೈ ಕಟ್ಟಿದ್ದರು.

"ಬಿಚ್ರಿ ಡಾಕ್ಟ್ರೇ" ಅಂದೆ.

"ಬಿಚ್ಚಿದ್ರೆ ಟ್ಯೂಬ್ ಕೀಳ್ತಾರಲ್ಲಮ್ಮ."

"ಟ್ಯೂಬೇ ಬ್ಯಾಡ. ನಾನು ತಿನ್ನಿಸ್ತೀನಿ."

ಡಾಕ್ಟರು ಒಂದು ಚಮಚ ಗಂಜಿ ಕೊಡಿಸಿ ನೋಡಿದರು. ಅತ್ತೆ ನುಂಗಿದರು. "ಸರಿ, ಕೂರಿಸಿ, ಸ್ವಲ್ಪ ಸ್ವಲ್ಪನೇ ಕೊಡಿ. ಬಾಯಿ ತೆಗೀದಿದ್ರೆ ಬಲವಂತ ಮಾಡ್ಬೇಡಿ. ಲಂಗ್ಸ್‌ಗೆ ಹೋದ್ರೆ ನ್ಯುಮೋನಿಯಾ ಆಗುತ್ತೆ."

ಅವರ ಕೈ ಬಿಚ್ಚಿದರು. ಕಟ್ಟು ನನಗೆ ಬಿತ್ತು.

ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆ ಅತ್ತೆ ಬೇರೆ ಯಾರ ಕೈಲೂ ಉಣ್ಣಲಿಲ್ಲ. ನನ್ನ ಸೊಸೆ ಶಾರದ ಚಮಚ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ನನ್ನ ಮಗ ಕೊಟ್ಟರೆ ಉಗಿಯುತ್ತಿದ್ದರು. ಅವರ ಕಣ್ಣಿಗೆ ಮೊದಲೇ ಮಂಜು, ಮುಖ ಕಾಣುತ್ತಿರಲಿಲ್ಲ. ಹೇಗೆ ಗೊತ್ತಾಗುತ್ತಿತ್ತೋ, ನಾನೇ ಬೇಕು. ಗಂಜಿ, ಮಾತ್ರೆ, ಡಯಾಪರ್, ಮಗ್ಗುಲು ಬದಲಿಸುವುದು, ಮತ್ತೆ ಗಂಜಿ. ಆ ಸಣ್ಣ ಕೋಣೆಗೆ ತಗಡಿನ ಮಾಡು. ಬಿಸಿಲು ಏರಿದರೆ ಒಳಗೆ ಡೆಟಾಲ್ ಮತ್ತು ಉಚ್ಚೆ ವಾಸನೆ ಬೇಯುತ್ತಿತ್ತು. ಹೊರಗೆ ಕುರಿ ಹೋಗುವ ಸದ್ದು, ಬರುವ ಸದ್ದು ಕೇಳುತ್ತಿತ್ತು. ನಾನು ಹೋಗುತ್ತಲೂ ಇರಲಿಲ್ಲ, ಬರುತ್ತಲೂ ಇರಲಿಲ್ಲ. ಈ ಮುದುಕಿ ಬೇಗ ಸಾಯಬಾರದೇ ಅಂತಲೂ ಅನ್ನಿಸಿದೆ. ಬಚ್ಚಿಡುವುದೇನು.

ಅಷ್ಟರಲ್ಲಿ ನನ್ನ ಕಣ್ಣು ಹೋಗತೊಡಗಿತು.

ಎಡಗಣ್ಣು ಜಾಲಿ ಮುಳ್ಳು ಹೊಡೆದು ಎಂದೋ ಹೋಗಿತ್ತು. ಇದ್ದದ್ದು ಬಲಗಣ್ಣೊಂದೇ, ಅದಕ್ಕೆ ಪೊರೆ. ಆಪರೇಷನ್ ತಡ ಮಾಡಬೇಡಿ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು. ಮೊಳಕಾಲ್ಮೂರಿನಲ್ಲಿ ಶಿಬಿರ ಇತ್ತು. ಅಲ್ಲಿ ತಂಗಿಯ ಮನೆ ಇದೆ. ಹಿಂದಿನ ಶಿಬಿರಕ್ಕೆ ಹೆಸರು ಬರೆಸಿದ್ದಳು, ನಾನು ಹೋಗಿರಲಿಲ್ಲ.

"ಏಮಕ್ಕಾ, ಈ ಸಲನಾದ್ರೂ ಬರ್ತೀಯೋ ಇಲ್ಲೋ?" ಎಂದು ಫೋನಿನಲ್ಲಿ ಬೈದಳು.

"ಮುದುಕೀಗೆ ಉಣ್ಸೋರ್‍ಯಾರೇ?"

"ಕುರುಡಿಯಾದ್ಮೇಲೆ ಬಾಯಿ ಅಂತ ಮೂಗಿಗೆ ಉಣ್ಸು, ಹೋಗು."

ಅವಳು ಹೇಳಿದ್ದು ನಿಜ. ಆಗಲೇ ಒಂದು ಸಲ ಮಾತ್ರೆ ಬದಲಾಗಿತ್ತು.

ಮರಿ ಸತ್ತ ಕುರಿ ಬೇರೆ ಮರಿಗೆ ಮೊಲೆ ಕೊಡುವುದಿಲ್ಲ. ಮೂಸಿ ನೋಡಿ ಒದೆಯುತ್ತದೆ. ಅದಕ್ಕೆ ಅತ್ತೆ ಸತ್ತ ಮರಿಯ ತೊಗಲು ಸುಲಿದು, ತಬ್ಬಲಿ ಮರಿಯ ಬೆನ್ನಿಗೆ ಕಟ್ಟುತ್ತಿದ್ದರು. ಕುರಿ ಮೂಸಿ, ನನ್ನದೇ ಮರಿ ಅಂದುಕೊಂಡು ಸುಮ್ಮನೆ ಹಾಲು ಕೊಡುತ್ತಿತ್ತು. ಕಟ್ಟುವುದನ್ನು ನನಗೂ ಕಲಿಸಿದ್ದರು. ಫೋನು ಇಟ್ಟ ಮೇಲೆ ಅದೇ ನೆನಪಾಯಿತು.

ಉಟ್ಟ ಸೀರೆಯನ್ನು ಒಗೆಯದೆ ಕೆಲವು ದಿನ ಅದನ್ನೇ ಉಟ್ಟುಕೊಂಡು ತಿರುಗಿದೆ. ಆಮೇಲೆ ಬಿಚ್ಚಿ ಶಾರದಳಿಗೆ ಕೊಟ್ಟೆ.

"ಥೂ ಅತ್ತೆ, ಹೋತದ ವಾಸ್ನೆ ಬರ್ತೈತೆ!"

"ಅದೇ ಬೇಕು. ಉಟ್ಕಂಡು ಹೋಗಿ ಉಣ್ಸು. ಬಾಯಿ ಮಾತ್ರ ಬಿಡಬ್ಯಾಡ."

"ನಿಮ್ಮ ಹೊಗೆಸೊಪ್ಪು ಒಂದೀಟು ಕೊಟ್ಬಿಡ್ರಿ, ಅದನ್ನೂ ಹಾಕ್ಕಂತೀನಿ. ಪೂರ್ತಿ ನೀವೇ ಆಗ್ಬಿಡ್ತೀನಿ" ಎಂದು ನಕ್ಕಳು.

ಅವಳ ಕೈ ತುಂಬ ಗಾಜಿನ ಬಳೆ. ನನ್ನದು ಬರಿಗೈ, ವಿಧವೆಯ ಕೈ. ಮುತ್ತೈದೆಗೆ ಬಳೆ ತೆಗಿ ಎಂದು ಹೇಗೆ ಹೇಳುವುದು? ಹೇಳಲಿಲ್ಲ. ಅವಳು ಬಳೆಗಳನ್ನು ಮೊಣಕೈ ಕಡೆಗೆ ಬಿಗಿಯಾಗಿ ಏರಿಸಿಕೊಂಡು ಒಳಗೆ ಹೋದಳು. ನಾನು ಬಾಗಿಲ ಮರೆಯಲ್ಲಿ ನಿಂತೆ.

ಅತ್ತೆ ಮೂಸಿದರು. ಬಾಯಿ ತೆರೆದರು. ಒಂದು ಚಮಚ ಹೋಯಿತು. ಇನ್ನೊಂದು ಹೋಯಿತು.

ಆಗ ಬಳೆ ಜಾರಿ ಘಲ್ಲೆಂದವು.

ಅತ್ತೆಯ ಎಡಗೈ ಮೇಲೆದ್ದು ಶಾರದಳ ಮುಂಗೈ ಹಿಡಿಯಿತು. ಬಳೆಗಳನ್ನು ಒಂದೊಂದಾಗಿ ಸವರಿತು. ಆಮೇಲೆ ಸೆರಗು ಎಳೆದು ಮತ್ತೆ ಮೂಸಿ ನೋಡಿದರು. ಶಾರದ ಚಮಚ ಹಿಡಿದವಳು ಹಿಡಿದಂತೆಯೇ ನನ್ನ ಕಡೆ ನೋಡಿದಳು. ಕೆಟ್ಟಿತು ಅಂದುಕೊಂಡೆ. ನನ್ನ ಕಣ್ಣು ಇನ್ನು ಹೋದಂತೆಯೇ.

ಅತ್ತೆಯ ಸೊಟ್ಟ ಬಾಯಿ ಅಲುಗಾಡಿತು.

"ತೊಗ್ಲು" ಅಂದರು.

ಸ್ಟ್ರೋಕ್ ಆದ ಮೇಲೆ ಅವರು ಆಡಿದ ಮೊದಲ ಮಾತು. ಗಂಟಲಲ್ಲಿ ಗೊರಗೊರ ಸದ್ದಾಯಿತು. ಕೆಮ್ಮು ಎಂದು ಓಡಿ ಹೋದೆ. ಕೆಮ್ಮಲ್ಲ, ನಗು. ಮೋಸ ಗೊತ್ತಾಗಿತ್ತು. ನಾನು ಎಲ್ಲಿಗೋ ಹೊರಟಿದ್ದೇನೆ ಎಂಬುದೂ ಗೊತ್ತಾಗಿರಬೇಕು, ಕೇಳಲು ಮಾತಿರಲಿಲ್ಲ. ಶಾರದಳ ಕಡೆ ತಿರುಗಿ ಮತ್ತೆ ಬಾಯಿ ತೆರೆದರು. ಬಟ್ಟಲು ಖಾಲಿಯಾಯಿತು.

ನಾನು ಮೊಳಕಾಲ್ಮೂರಿಗೆ ಹೋದೆ. ಆಪರೇಷನ್ ಆಯಿತು. ತಂಗಿಯ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ ದಿನವಿಡೀ ಬಡಿಯುತ್ತದೆ. ಅದರ ಪಕ್ಕದಲ್ಲೇ ಸತ್ತವಳಂತೆ ನಿದ್ದೆ ಮಾಡಿದೆ.

ವಾಪಸು ಬಂದು ನೋಡಿದರೆ ಅತ್ತೆಯ ಹಿಮ್ಮಡಿ ಕೆಂಪಗಾಗಿತ್ತು. ಹುಣ್ಣಾಗುವ ಮುಂಚಿನ ಕೆಂಪು. ನಾನು ಹೋಗುವ ಮೊದಲೇ ಇತ್ತೋ ಏನೋ, ನನಗೆ ಕಂಡಿರಲಿಲ್ಲ. ಶಾರದಳೂ ನಾನೂ ಸರದಿಯಲ್ಲಿ ಕಾಲ ಕೆಳಗೆ ದಿಂಬು ಕೊಟ್ಟು, ಮಗ್ಗುಲು ಬದಲಿಸಿ ನೋಡಿಕೊಂಡೆವು. ಅತ್ತೆ ಇಬ್ಬರ ಕೈಲೂ ಉಂಡರು. ಮತ್ತೆ ಮಾತಾಡಲಿಲ್ಲ.

ಶೇಂಗಾ ಕೀಳುವ ಕಾಲದಲ್ಲಿ ಹೋದರು. ಮೈ ತೊಳೆಯುವಾಗ ನಾನು ಬೆನ್ನು, ಸೊಂಟ, ಹಿಮ್ಮಡಿ ಎಲ್ಲ ತಿರುವಿ ತಿರುವಿ ನೋಡಿದೆ. ಬಂದ ಹೆಂಗಸರು "ಬೇಗ ಮುಗ್ಸೇ, ಹೊತ್ತಾತು" ಅಂದರು. ನಾನು ಬಿಡಲಿಲ್ಲ, ಪೂರ್ತಿ ನೋಡಿದೆ.

ಒಂದು ಹುಣ್ಣೂ ಇರಲಿಲ್ಲ.