ಕಾಕಿಯ ಪಡಸಾಲೆ ಗೋಡೆ

ಸಗಣಿಯ ಬಿಲ್ಲೆಯ ಮೇಲೆ ಒಂದು ಬೆರಳಿನ ಗುರುತಿದ್ದರೆ ಒಳಗಿರುವುದು ಹೀರೆ ಬೀಜ, ಎರಡಿದ್ದರೆ ಸವತೆ, ಮೂರಿದ್ದರೆ ಕುಂಬಳ. ಗುರುತು ಯಾವಾಗಲೂ ತುಸು ಎಡಕ್ಕೆ ವಾಲಿರುತ್ತಿತ್ತು. ಕಾಕಿಯ ಬಲಗೈ ತೋರುಬೆರಳು ಸೊಟ್ಟಗಿತ್ತು. ಚಿಕ್ಕವಳಿದ್ದಾಗ ಬೀಸುಕಲ್ಲಿನ ಅಡಿ ಸಿಕ್ಕಿತ್ತಂತೆ.

ಅವಳು ನನ್ನ ತಂದೆಯ ತಮ್ಮನ ಹೆಂಡತಿ. ಬಸವಕಲ್ಯಾಣದಿಂದ ಒಳಗೆ ಹೋಗುವ ದಾರಿಯಲ್ಲಿ ಅವರ ಊರು. ನಾವು ಹುಮನಾಬಾದಿನ ಗಂಜ್ ಮಾರುಕಟ್ಟೆಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಲ್ಲಿ ತುಳಸಿಯನ್ನೂ ಡಬ್ಬಿಯಲ್ಲೇ ಬೆಳೆಸಬೇಕು. ಹಾಗಾಗಿ ತೊಂಬತ್ತರ ದಶಕದ ನನ್ನ ಬೇಸಿಗೆಗಳೆಲ್ಲ ಕಾಕಿಯ ಹಿತ್ತಲಲ್ಲೇ ಕಳೆದವು. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹರಿದು ಪುಂಡಿಪಲ್ಯದ ಮಡಿಗೆ ಹೋಗುತ್ತಿತ್ತು, ಅಕ್ಕಿ ತೊಳೆದ ನೀರು ಕರಿಬೇವಿಗೆ. ಕಾಕಿ ಬಳ್ಳಿಗಳನ್ನು ಗದರಿಸುತ್ತಿದ್ದಳು: "ಏ ಹುಚ್ಚಿ, ಅತ್ತ ಯಾರ ಮನಿಗಿ ಹೊಂಟಿ? ಇತ್ತ ಏರು." ಕಟ್ಟೆಯ ಮೇಲೆ ಕುಳಿತ ಕಾಕಾ ಹಿತ್ತಲಿಗೆ ಕೇಳಲಿ ಎಂದೇ ದೊಡ್ಡದಾಗಿ ಹೇಳುತ್ತಿದ್ದರು: "ಈ ಮನ್ಯಾಗ ಮೊದಲ ಬಳ್ಳಿಗಿ ನೀರು, ಆಮ್ಯಾಲ ನನಗ ಚಹಾ." ಸಂಜೆ ಎಲ್ಲರೂ ಅಂಗಳದಲ್ಲಿ ಸುತ್ತ ಕುಳಿತು ಬಿಸಿ ರೊಟ್ಟಿ, ಹೀರೇಕಾಯಿ ಪಲ್ಯ, ಶೇಂಗಾ ಹಿಂಡಿ ತಿನ್ನುತ್ತಿದ್ದೆವು. ಅದಕ್ಕಿಂತ ಹೆಚ್ಚಿನದು ಬೇಕೆಂದು ಆಗ ನನಗೆ ಅನ್ನಿಸಿರಲಿಲ್ಲ.

ಚಳಿಗಾಲ ಮುಗಿಯುವಾಗ ಕಾಕಿ ಬಲಿತ ಕಾಯಿಗಳ ಬೀಜ ತೆಗೆದು, ಬೂದಿ ಹಚ್ಚಿ, ಸಗಣಿಯಲ್ಲಿ ಮೆತ್ತಿ, ಪಡಸಾಲೆಯ ಗೋಡೆಗೆ ಬಿಲ್ಲೆ ಬಡಿದು ಬೆರಳೊತ್ತುತ್ತಿದ್ದಳು. ಮದುವೆಯಾಗಿ ಬಂದಾಗ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜದ ಸಂತತಿ ಅದು. ಮೊದಲ ಮಳೆ ಬಿದ್ದ ಮರುದಿನ ಓಣಿಯ ಹೆಂಗಸರೆಲ್ಲ ಬರುತ್ತಿದ್ದರು. ಅವರು ಯಾರೂ ಬೀಜ ಇಟ್ಟುಕೊಳ್ಳುತ್ತಿರಲಿಲ್ಲ, ಕಾಕಿ ಇದ್ದಳಲ್ಲ. "ಕಾಕಿ ಕೈಯಾಗಿನ ಬೀಜ ಕಲ್ಲ ಮ್ಯಾಲ ಒಗದ್ರೂ ಹುಟ್ತದ" ಎಂದು ಎದುರು ಮನೆಯ ಆಯಿ ಹೇಳುವಾಗ ಕಾಕಿ ಮುಖ ತಿರುಗಿಸಿಕೊಂಡು ಬಿಲ್ಲೆ ಕೀಳುತ್ತಿದ್ದಳು. ಅವಳಿಗೆ ಬೇರೆ ಹೆಸರಿರಲಿಲ್ಲ, ಓದಿರಲಿಲ್ಲ, ಮಕ್ಕಳಿರಲಿಲ್ಲ. ಆ ಒಂದು ಮಾತಿತ್ತು.

ನಾನು ಗುಲಬರ್ಗಾದಲ್ಲಿ ಗಣಿತ ಎಂ.ಎಸ್ಸಿ. ಓದುತ್ತಿದ್ದಾಗ, ಒಂದು ಮೇ ತಿಂಗಳಲ್ಲಿ, ಇಬ್ಬರು ಗೆಳತಿಯರು ಕಲ್ಯಾಣದ ಕೋಟೆ ನೋಡಲು ಬರುವವರಿದ್ದರು. ಊಟಕ್ಕೆ ಕಾಕಿಯ ಮನೆಗೆ ಕರೆದಿದ್ದೆ. ಒಂದು ದಿನ ಮೊದಲೇ ಬಂದೆ. ಕಾಕಿ ನನ್ನ ತಾಯಿಗೆ ಮೆಂತೆ, ನುಗ್ಗೆಕಾಯಿ ಕೊಟ್ಟುಬರಲು ಹುಮನಾಬಾದಿಗೆ ಹೋಗಿದ್ದಳು, ಕಾಕಾ ಹೊಲದಲ್ಲಿದ್ದರು. ಬಾಗಿಲಲ್ಲಿ ನಿಂತು ಪಡಸಾಲೆಯನ್ನು ಗೆಳತಿಯರ ಕಣ್ಣಿನಿಂದ ನೋಡಿದೆ. ಗೋಡೆ ತುಂಬ ಸಗಣಿ.

ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ಅವು ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹುಮನಾಬಾದಿನ ಅಂಗಡಿಯಲ್ಲಿ ಬೀಜದ ಪೊಟ್ಟಣ ಸಿಗುತ್ತದೆ, ತಂದುಕೊಟ್ಟರಾಯಿತು ಅಂದುಕೊಂಡೆ. ಕಳೆ ಕೀಳುವ ಕುರ್ಪಿಯಿಂದ ಒಂದೊಂದೇ ಕಿತ್ತೆ. ಮೂವತ್ತೊಂದು ಬಿಲ್ಲೆ, ಎಣಿಸುವುದು ನನ್ನ ಚಾಳಿ. ಗೋಡೆಯ ಮೇಲೆ ದುಂಡು ಕಲೆಗಳು ಉಳಿದವು, ಎರಡು ಸಲ ಸುಣ್ಣ ಬಳಿದೆ. ಬಿಲ್ಲೆಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಬಚ್ಚಲ ಒಲೆಗೆ ಹಾಕಿದೆ. ಬೀಜ ಚಟಪಟ ಸಿಡಿದವು. ಆ ಉರಿಯಲ್ಲಿ ಕಾದ ನೀರಿನಲ್ಲೇ ತಲೆಸ್ನಾನ ಮಾಡಿದೆ.

ಸಂಜೆ ಕಾಕಿ ಬಂದಳು. ಚೀಲ ಕೆಳಗಿಟ್ಟಳು. ಗೋಡೆ ನೋಡಿದಳು, ನನ್ನ ಹಸಿ ಕೂದಲು ನೋಡಿದಳು, ಬಚ್ಚಲಿಗೆ ಹೋಗಿ ಒಲೆಯ ಬೂದಿ ಕೆದಕಿ ನೋಡಿದಳು. ಹೊರಗೆ ಬಂದಾಗ ಅವಳ ಕೈ ಬೂದಿಯಾಗಿತ್ತು. ಅಷ್ಟರಲ್ಲಿ ಕಾಕಾ ಬಂದರು.

"ಏ, ಬೀಜ ಎಲ್ಲಿ ಹೋದ್ವು?"

ನಾನು ಬಾಯಿ ತೆರೆದೆ. ಕಾಕಿ ಮೊದಲು ಮಾತಾಡಿದಳು: "ಹುಳ ಹತ್ತಿದ್ವು. ನಾನೇ ಕಿತ್ತು ಸುಡು ಅಂದಿದ್ದೆ."

"ನಿನ್ನ ಬೀಜಕ್ಕ ಹುಳ?" ಕಾಕಾ ನಕ್ಕುಬಿಟ್ಟರು. "ಮುದುಕಿ ಆದಿ ಬಿಡು ಇನ್ನ."

ತೆರೆದ ಬಾಯಿಯನ್ನು ನಾನು ಮುಚ್ಚಿಕೊಂಡೆ.

ಮರುದಿನ ಗೆಳತಿಯರು ಎರಡೆರಡು ಸಲ ರೊಟ್ಟಿ ಹಾಕಿಸಿಕೊಂಡು ಉಂಡರು. ಒಬ್ಬಳು ಮನೆ ಎಷ್ಟು ಚೊಕ್ಕ ಇದೆ ಎಂದಳು. "ನಮ್ಮ ಹುಡುಗಿ ಕೆಲಸ ಅವ್ವ ಅದು" ಎಂದಳು ಕಾಕಿ. ಅದರಲ್ಲಿ ಚುಚ್ಚುವ ಧ್ವನಿ ಇತ್ತೇ ಎಂದು ಎಷ್ಟೋ ವರ್ಷ ಹುಡುಕಿದ್ದೇನೆ. ಇರಲಿಲ್ಲ.

ಜೂನಿನಲ್ಲಿ ನಾನು ಬಣ್ಣದ ಚಿತ್ರದ ಪೊಟ್ಟಣಗಳನ್ನು ತಂದುಕೊಟ್ಟೆ. "ಚಿತ್ರ ಭಾಳ ಛಂದ ಅದ" ಎಂದು ತೆಗೆದುಕೊಂಡಳು. ಮಳೆ ಬಿದ್ದು ಓಣಿಯವರು ಬೀಜ ಕೇಳಲು ಬಂದಾಗ ಅವರಿಗೂ ಹುಳದ ಮಾತನ್ನೇ ಹೇಳಿ ಕಳಿಸಿದಳು. ಆ ವರ್ಷ ಕಾಯಿ ಜೋರಾಗಿಯೇ ಬಂದವು. ಅವುಗಳ ಬೀಜವನ್ನೇ ಮತ್ತೆ ಸಗಣಿಯಲ್ಲಿ ಮೆತ್ತಿ, ಬೆರಳೊತ್ತಿ, ಮುಂದಿನ ಮಳೆಗೆ ಓಣಿಗೆಲ್ಲ ಹಂಚಿದಳು. ಅವು ಹೈಬ್ರಿಡ್ ಬೀಜ, ಒಂದೇ ಬೆಳೆಯವು ಎಂದು ಪೊಟ್ಟಣದ ಮೇಲಿದ್ದುದನ್ನು ನಾನೂ ಓದಿ ನೋಡಿರಲಿಲ್ಲ. ಕೆಲವು ಹುಟ್ಟಲಿಲ್ಲ. ಕೆಲವು ಬಳ್ಳಿ ಹಬ್ಬಿ, ಹೂ ಬಿಟ್ಟು, ಕಹಿ ಕಾಯಿ ಕೊಟ್ಟವು. ಓಣಿಯ ಒಬ್ಬ ಸೊಸೆ ಸೆರಗಿನಲ್ಲಿ ಹೀರೇಕಾಯಿ ತಂದು ಸುರಿದಳು: "ಕಾಕಿ, ಇದೇನ್ ಕೊಟ್ಟಿ ಮಾರಾಯ್ತಿ? ನಮ್ಮತ್ತಿ ತುತ್ತು ಉಗುಳಿ ನನ್ನ ಹಿಡಿದು ಬೈಯಾಕತ್ತಾಳ. ವಿಷ ಹಾಕೀನಂತ!" ಎಲ್ಲರೂ ನಕ್ಕರು. ಕಾಕಿಯೂ ನಕ್ಕಳು. ಅದರ ಮುಂದಿನ ಮಳೆಗೆ ಯಾರೂ ಬರಲಿಲ್ಲ. ಆಮೇಲೆ ಕಾಕಿ ಬಿಲ್ಲೆ ಬಡಿಯಲಿಲ್ಲ, ಪಡಸಾಲೆಯ ಗೋಡೆ ಬೆಳ್ಳಗೇ ಉಳಿಯಿತು.

ಒಮ್ಮೆ ಮಾತ್ರ ಕೇಳಿದೆ, ಅವಳು ಮಡಿಯಲ್ಲಿ ಕಳೆ ಕೀಳುತ್ತಿದ್ದಾಗ: "ಕಾಕಿ, ನಾನೇ ಸುಟ್ಟಿದ್ದು ಅಂತ ಎಲ್ಲಾರ್ಗೂ ಹೇಳಿಬಿಡ್ಲೇನು?"

ಅವಳು ತಲೆ ಎತ್ತಲಿಲ್ಲ. "ಬ್ಯಾಡ. ನಾಳಿ ಒಂದು ಮನಿಗಿ ಸೊಸಿ ಆಗಿ ಹೋಗಾಕಿ ನೀ. ನನ್ನ ಕೈ ನೋಡಿ ನಕ್ಕರ ಇಲ್ಲೇ ಮುಗೀತದ."

ನನಗೆ ಹಗುರವೆನಿಸಿತು. ಬಿಲ್ಲೆ ಸುಟ್ಟಿದ್ದಕ್ಕಿಂತ ಆ ಹಗುರ ಈಗ ನನ್ನನ್ನು ಹೆಚ್ಚು ನಾಚಿಸುತ್ತದೆ.

ಇನ್ನೂ ಮೂರು ವರ್ಷ ಕಳೆದು, ಒಂದು ವಾರದ ಜ್ವರದಲ್ಲಿ ಕಾಕಿ ತೀರಿಕೊಂಡಳು. ಮೂರನೆಯ ದಿನ ಓಣಿಯ ಹೆಂಗಸರು ಪಡಸಾಲೆಯಲ್ಲಿ ಕುಳಿತಿದ್ದರು. ನಾನು ಚಹಾ ಕೊಡುತ್ತಿದ್ದೆ. ಎದುರು ಮನೆಯ ಆಯಿ ಕಣ್ಣೊರೆಸಿಕೊಂಡು ಹೇಳಿದಳು: "ಏನ್ ಕೈ ಇತ್ತವ್ವ ಆಕೀದು! ಕಡೀಗಿ ಹ್ಯಾಂಗ ಕೆಟ್ಟು ಹೋತು ನೋಡು, ಪಾಪ."

"ವಯಸ್ಸಾಗಿತ್ತಲ್ಲ" ಎಂದರು ಯಾರೋ. ಮೂಲೆಯಲ್ಲಿ ಕುಳಿತ ಕಾಕಾ ಹೌದೆಂದು ತಲೆಯಾಡಿಸಿದರು. ನಾನು ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ. ಕಪ್ಪು ಹನ್ನೆರಡಿದ್ದವು.

ಮರುದಿನ ಬೆಳಿಗ್ಗೆ ನಳದ ನೀರು ಬರುವ ಹೊತ್ತಿಗೆ ಕಾಕಿಯ ಕೊಡ ತೆಗೆದುಕೊಂಡೆ.

"ಮನ್ಯಾಗ ನೀರು ಅದಾವಲ್ಲ, ನೀ ಯಾಕ ಹೊಂಟಿ?" ಎಂದರು ಕಾಕಾ.

"ಕಾಕಾ, ನೀವೂ ಬರ್ರಿ" ಎಂದೆ. ಅವರು ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಹಿಂದೆ ಬಂದರು.

ನಳದ ಹತ್ತಿರ ಐದಾರು ಹೆಂಗಸರಿದ್ದರು. ಕೊಡ ಕೆಳಗಿಟ್ಟು ಹೇಳಿದೆ: "ಕಾಕಿ ಬೀಜಕ್ಕ ಹುಳ ಹತ್ತಿರಲಿಲ್ಲ. ಗೆಳತ್ಯಾರು ಬರ್ತಾರಂತ ನಾಚಿಕಿ ಆಗಿ ನಾನೇ ಕಿತ್ತು ಒಲಿಗಿ ಹಾಕ್ದೆ. ಕಹಿ ಕಾಯಿ ಬಂದಿದ್ದು ನಾ ತಂದ ಅಂಗಡಿ ಬೀಜ. ಆಕಿ ನನ್ನ ಸಲುವಾಗಿ ಸುಳ್ಳು ಹೇಳಿದಳು."

ಕಾಕಾ ಬಾಯಿಂದ ಕಡ್ಡಿ ತೆಗೆದರು. ಎದುರು ಮನೆಯ ಆಯಿ ನನ್ನ ಮುಖವನ್ನೇ ನೋಡಿ ಕೇಳಿದಳು: "ಅಂದ್ರ ಆಕಿ ಕೈ ಕೆಟ್ಟಿರಲಿಲ್ಲ?"

"ಇಲ್ಲ ಆಯಿ."

ನಳ ನಿಲ್ಲುವವರೆಗೂ ನಾನು ಅಲ್ಲೇ ನಿಂತಿದ್ದೆ. ತಡವಾಗಿ ಬಂದವರಿಗೆಲ್ಲ ಅದನ್ನೇ, ಮೊದಲಿನಿಂದ, ಮತ್ತೊಮ್ಮೆ ಹೇಳಿದೆ.