ಒಡಪಿನ ಮೇಲೆ ಹಾಕಿಸಿದ ಹಾಡು

ನನ್ನ ಮಗನ ಮದುವೆಯ ಡಿವಿಡಿಯಲ್ಲಿ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಮೊದಲಿನಿಂದ ಕಡೆಯತನಕ ಬರೀ ಸಿನಿಮಾ ಹಾಡು. ಅಕ್ಷತೆ ಬೀಳುವಾಗ ಹಾಡು, ಪಂಕ್ತಿಗೆ ಕೂತಾಗ ಹಾಡು. ಜನ ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ, ಅಷ್ಟೇ. ಇಪ್ಪತ್ತು ವರ್ಷ ಹಾಗೇ ನೋಡಿದೆವು.

ಹೋದ ವರ್ಷ ನನ್ನ ಬೀಗತಿ, ಅಂದರೆ ಸೊಸೆಯ ತಾಯಿ, ಉಪ್ಪಿನಬೆಟಗೇರಿಯಲ್ಲಿ ತೀರಿಕೊಂಡಳು. ಅವಳ ಫೋಟೋಗಳು ಹತ್ತಾರು ಇದ್ದವು. ದನಿಯನ್ನು ಮಾತ್ರ ಯಾರೂ ಹಿಡಿದಿಟ್ಟಿರಲಿಲ್ಲ.

"ನಮ್ಮವ್ವನ ದನಿ ಮರ್ತ ಹೊಂಟೇತ್ರಿ, ಅತ್ತಿ," ಎಂದು ಸೊಸೆ ಒಂದು ದಿನ ಹೇಳಿದಳು. ಡಿವಿಡಿ ಹಾಕಿ, ತಾಯಿ ಒಡಪು ಹೇಳುವ ಜಾಗದಲ್ಲಿ ನಿಲ್ಲಿಸಿ, ತುಟಿ ನೋಡುತ್ತ ಕೂರುತ್ತಿದ್ದಳು. "ಆ ವಿಡಿಯೋದವನ ಕೈ ಸೇದಿ ಹೋಗ್ಲಿ. ಯಾಂವ ಹೇಳಿದ್ದಾ ಅವಂಗ ಹಾಡ ಹಾಕಂತ?"

ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ತಲೆ ಎತ್ತಲಿಲ್ಲ. ಅವನಿಗೆ ಹೇಳಿದವಳು ನಾನೇ.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳುವುದಿಲ್ಲ. ಹೇಳಲೇಬೇಕಾದಾಗ ಎರಡು ಸಾಲು ಪದ ಕಟ್ಟಿ ಅದರಲ್ಲಿ ಸೇರಿಸುತ್ತಾರೆ. ಅದು ಒಡಪು. ನಾಲ್ಕನೆಯ ಇಯತ್ತೆ ಓದಿದ ನಾನು ಇಷ್ಟೆಲ್ಲ ಬರೆಯುತ್ತಿದ್ದರೂ ನನ್ನ ಗಂಡನ ಹೆಸರನ್ನು ಬರೆಯುವುದಿಲ್ಲ.

ಮದುವೆಯ ದಿನ ಬೆಳಗಿನಿಂದ ಮೈಕಿನಲ್ಲಿ ಆಯೇರಿ ಕೂಗುತ್ತಿದ್ದರು. ಯಾರು ಸೀರೆ ಕೊಟ್ಟರು, ಯಾರು ಪಾತ್ರೆ ಕೊಟ್ಟರು ಎಂದು. ಪ್ರತಿ ಸಲವೂ "ಇಂಥವರ ಮಗನಿಗೆ" ಎಂದು ನನ್ನ ಗಂಡನ ಹೆಸರು. ಕೇಳಿ ಕೇಳಿ ಎಲ್ಲರ ಕಿವಿ ತುಂಬಿತ್ತು. ಊಟವಾದ ಮೇಲೆ ಹೆಂಗಸರು ಬೀಗತಿಯನ್ನು ಅಡ್ಡಗಟ್ಟಿ, ಒಡಪು ಹೇಳದೆ ಬಿಡುವುದಿಲ್ಲ ಎಂದರು. ಅವಳು ಸೆರಗು ಬಾಯಿಗೆ ಹಿಡಿದು ಹೇಳಿದಳು:

"ಹೊಲದಾಗ ಹತ್ತಿ ಬೆಳ್ಳಗ, ಹಗೇವದಾಗ ಜೋಳ ತಣ್ಣಗ, ಇಂಥವರ ಹೆಸರ ಹೇಳತೇನಿ ನಾಲಿಗಿ ತುದೀಲೆ ಸಣ್ಣಗ."

ಪದ ಛಲೋ ಇತ್ತು. ಹೆಸರು ಮಾತ್ರ ಅವಳ ಗಂಡನದಾಗಿರಲಿಲ್ಲ. ನನ್ನ ಗಂಡನದಾಗಿತ್ತು. ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ, ಬೈದೆ. ವಿಡಿಯೋದವನು ನನ್ನ ಪಕ್ಕದಲ್ಲೇ ನಿಂತಿದ್ದ. ಎರಡು ದಿನ ಬಿಟ್ಟು ಅವನ ಅಂಗಡಿಗೆ ಹೋಗಿ, ಆ ಜಾಗದಲ್ಲಿ ಹಾಡು ಹಾಕು ಎಂದೆ. ಒಂದೇ ಕಡೆ ಹಾಕಿದರೆ ಎದ್ದು ಕಾಣುತ್ತದೆ ಎಂದು ಅವನು ಪೂರ್ತಿ ಹಾಕಿಬಿಟ್ಟ. ಸೊಸೆ ಆಗ ಮದುಮಗಳು, ಒಳಗಿನ ಕೋಣೆಯಲ್ಲಿ ಸೀರೆ ಬದಲಿಸುತ್ತಿದ್ದಳು. ಅವಳಿಗೆ ಇದು ಯಾವುದೂ ಗೊತ್ತಿರಲಿಲ್ಲ.

ಈಗ ಇಪ್ಪತ್ತು ವರ್ಷದ ಮೇಲೆ, ಟ್ರಂಕಿನ ತಳದಲ್ಲಿ ವಿಡಿಯೋದವನು ಕೊಟ್ಟಿದ್ದ ಮೂಲ ಕ್ಯಾಸೆಟ್ ಸೊಸೆಗೆ ಸಿಕ್ಕಿತು. ಹುಬ್ಬಳ್ಳಿಯಲ್ಲಿ ಒಬ್ಬ ಸಾಬರು ಹಳೆಯ ಕ್ಯಾಸೆಟ್‌ಗಳಿಂದ ದನಿ ತೆಗೆದುಕೊಡುತ್ತಾರೆ ಎಂದು ಯಾರೋ ಹೇಳಿದರು. ಮೊದಲು ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು. ಧಾರವಾಡದಿಂದ ಬಸ್ಸು ಹತ್ತುವಾಗ ನಾನೂ ಬರುತ್ತೇನೆ ಎಂದೆ.

ಕ್ಯಾಸೆಟ್ಟಿನ ಚಿತ್ರ ಕೆಟ್ಟಿದ್ದರೂ ದನಿ ಉಳಿದಿದೆ, ಡಿವಿಡಿಯಲ್ಲಿ ಚಿತ್ರ ಬೇರೆ, ದನಿ ಬೇರೆ ಇರುತ್ತವೆ, ಹಾಡನ್ನಷ್ಟೇ ತೆಗೆದು ಕ್ಯಾಸೆಟ್ಟಿನ ದನಿ ಕೂಡಿಸಬಹುದು ಎಂದು ಸಾಬರು ತಿಳಿಸಿ ಹೇಳಿದರು. ಎಂಟು ದಿನ ಬಿಟ್ಟು ಮತ್ತೆ ಹೋದೆವು. ದನಿ ಮುಂದೆ, ತುಟಿ ಹಿಂದೆ ಆಗುತ್ತಿತ್ತಂತೆ. ಮಂಟಪದ ಮುಂದೆ ಕಾಯಿ ಒಡೆಯುವುದು ಕಾಣುತ್ತಿತ್ತಲ್ಲ, ಆ 'ಠಪ್' ಸಪ್ಪಳ ಹುಡುಕಿ ಅದಕ್ಕೆ ಸರಿಯಾಗಿ ಕೂಡಿಸಿದ್ದರು. ಜನರೇಟರಿನ ಗೊರ್ರ್ ಸಪ್ಪಳವನ್ನೂ ಬಹಳ ಮಟ್ಟಿಗೆ ತೆಗೆದಿದ್ದರು.

"ಒಂದ ಕಡೆ ಸ್ವಲ್ಪ ಗದ್ದಲ ಐತ್ರಿ ಅಕ್ಕಾರ. ನೀವ ಕೇಳಿ ಹೇಳ್ರಿ," ಎಂದು ಸೊಸೆಯ ಕಿವಿಗೆ ಹೆಡ್‌ಫೋನ್ ಕೊಟ್ಟರು.

ನನಗೆ ಏನೂ ಕೇಳಿಸಲಿಲ್ಲ. ಅವಳ ಮುಖ ನೋಡುತ್ತ ಸ್ಟೂಲಿನ ಮೇಲೆ ಕೂತೆ. ಮೊದಲು ಅವಳ ಕಣ್ಣು ತುಂಬಿದವು. ಆಮೇಲೆ ನಕ್ಕಳು. ಹೆಸರು ತಪ್ಪಿದ ಜಾಗ ಬಂತು ಎಂದುಕೊಂಡೆ. ಆಮೇಲೆ ನಗು ನಿಂತಿತು. ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಇದು ನಿಮ್ಮ ದನಿ, ಅತ್ತಿ."

"ಹೌದು."

"'ಹೊಲಸ ಬಾಯಿ' ಅಂದೀರಿ ನಮ್ಮವ್ವಗ. 'ಮಂದ್ಯಾಗ ಹ್ಯಾಂಗ ಮಾತಾಡಬೇಕಂತ ನಿಮ್ಮ ಊರಾಗ ಕಲಿಸಿಲ್ಲೇನು' ಅಂದೀರಿ."

"ಅಂದೇನಿ. ಹಾಡ ಹಾಕ್ಸಿದಾಕೀನೂ ನಾನ. ವಿಡಿಯೋದವನ ತಪ್ಪಿಲ್ಲ."

ಸಾಬರು ಎದ್ದು ಹೋಗಿ ಬಾಗಿಲ ಬಳಿ ನಿಂತು ಚಹಾಕ್ಕೆ ಕೂಗಿದರು. ಚಹಾ ಕುಡಿದ ಮೇಲೆ ಸಾಬರೇ ಶುರುಮಾಡಿದರು.

"ಅಮ್ಮಾರ ಮಾತ ತಗದ ಬಿಡಲೇನ್ರಿ? ಒಡಪ ಉಳೀತೈತಿ. ಆದ್ರ ಅದರ ಕೆಳಗ ನಿಮ್ಮ ತಾಯಾರು ಏನೋ ಅಂತಾರ. ಎರಡೂ ಕೂಡ್ಯಾವ. ಇವರದು ತಗದ್ರ ಅವರದೂ ಹೋಗ್ತೈತಿ."

ಸೊಸೆ ಮತ್ತೆ ಹೆಡ್‌ಫೋನ್ ಹಾಕಿಕೊಂಡಳು. ಮೂರು ಸಲ ಕೇಳಿದಳು. ಆಮೇಲೆ ನನಗೆ ಕೊಟ್ಟಳು. ನನ್ನ ಬಾಯಿಯೇ ಬಾಯಿ. ಮಾರ್ಕೆಟಿನಲ್ಲಿ ನಿಂತು ಕೂಗಿದ ಹಾಗಿತ್ತು. ಅದರ ಕೆಳಗೆ, ಕಿವಿಗೊಟ್ಟರಷ್ಟೇ ಕೇಳುವಂತೆ, "ತಪ್ಪಾತ್ರಿ ಬೀಗತ್ಯಾರ, ಮುಂಜಾನಿಂದ ಅದನ್ನ ಕೇಳಿ ಕೇಳಿ ಬಾಯಿ ಜಾರ್ತು. ಸಿಟ್ಟಾಗಬ್ಯಾಡ್ರಿ. ನನ್ನ ಮಗಳನ್ನ ನೋಡ್ಕೋರಿ," ಎಂದಿದ್ದಳು. ಅವತ್ತು ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ. ಬೈಯುವಾಗ ಬೇರೆಯವರ ಮಾತು ಯಾರಿಗೆ ಕೇಳಿಸುತ್ತದೆ?

"ತಗೀಲೇನ್ರಿ?" ಸಾಬರು ನನ್ನನ್ನೇ ಕೇಳಿದರು.

"ನಂದಲ್ಲ ಅದು. ಆಕೀನ್ನ ಕೇಳ್ರಿ," ಎಂದೆ.

"ನಮ್ಮವ್ವಂದು ಒಂದ ಮಾತೂ ಹೋಗಬಾರದ್ರಿ," ಎಂದಳು ಸೊಸೆ. "ಅತ್ತೀದು ಇದ್ರ ಇರ್ಲಿ."

ಹಾಗೇ ಉಳಿಯಿತು. ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ನವಲೂರು ದಾಟಿದ ಮೇಲೆ ಒಂದೇ ಮಾತು ಕೇಳಿದಳು.

"ಇಷ್ಟ ದಿನಾ ಹೇಳಲಿಲ್ಲ ಯಾಕ್ರಿ?"

"ನೀ ವಿಡಿಯೋದವನ್ನ ಬೈತಿದ್ದಿ. ನನಗ ಅದ ಛಲೋ ಆಗಿತ್ತು."

ನಾಲ್ಕು ದಿನ ನನ್ನೊಡನೆ ಬೇಕಾದಷ್ಟೇ ಮಾತು. ಊಟಕ್ಕೆ ಬರ್ರಿ, ಗುಳಿಗಿ ತಗೋರಿ, ಅಷ್ಟೇ. ನಾನೂ ಒತ್ತಾಯ ಮಾಡಲಿಲ್ಲ. ಸಿಟ್ಟಿಗೆ ಕಾರಣ ಇತ್ತು. ಐದನೆಯ ದಿನ ಡಿವಿಡಿಯ ಇನ್ನೊಂದು ಪ್ರತಿ ಹಿಡಿದುಕೊಂಡು ಬಂದು ನಿಂತಳು.

"ನಮ್ಮ ಅಣ್ಣಗ ಬೇಕಂತ್ರಿ. ಅವಂಗೂ ಅವ್ವನ ದನಿ ಬ್ಯಾರೆ ಎಲ್ಲೂ ಇಲ್ಲ. ಕಳಸಲೇನ್ರಿ? ನಿಮ್ಮ ಬೈಗುಳಾನೂ ಹೋಗ್ತಾವ ಮತ್ತ."

"ಕಳಸು."

"ಬೆಟಗೇರಿ ಮಂದಿಯೆಲ್ಲಾ ಕೇಳ್ತಾರ, ಅತ್ತಿ."

"ಅವತ್ತ ಮಂದಿ ಮುಂದನ ಬೈದಿದ್ದೆ. ಕೇಳ್ಲಿ."

ಕಳಿಸಿದಳು. ಅವಳ ಅಣ್ಣ ಫೋನ್ ಮಾಡಿದಾಗ ಬಹಳ ಹೊತ್ತು ಮಾತಾಡಿದರು. ನನ್ನ ಬಗ್ಗೆ ಏನಂದ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸೊಸೆ ಈಗಲೂ ಆ ಜಾಗ ಹಾಕಿಕೊಂಡು ಕೂರುತ್ತಾಳೆ. ಅವಳ ತಾಯಿ ಮೆಲ್ಲಗೆ ಮಾತಾಡಿರುವುದರಿಂದ ಟಿವಿಯ ದನಿ ಪೂರ್ತಿ ಏರಿಸಬೇಕಾಗುತ್ತದೆ. ಏರಿಸಿದಾಗ ಮೊದಲು ಓಣಿಗೆಲ್ಲ ಕೇಳಿಸುವುದು ನನ್ನ ಬಾಯಿ.