ನಂದರಾಗ ಕಮ್ಮಿ ಇಲ್ಲ

ಹಿರೇಕೆರೂರಿನಲ್ಲಿ ನಮ್ಮ ಪಕ್ಕದ ಮನೆಯ ಹತ್ತಿ ವ್ಯಾಪಾರಿ ಪ್ರತಿ ಮಾತಿನ ಕೊನೆಗೂ ಮೀಸೆ ಸವರಿ, "ನಂದರಾಗ ಏನೂ ಕಮ್ಮಿ ಇಲ್ಲ" ಎನ್ನುತ್ತಿದ್ದರು. ಹತ್ತಿಗೂ ಅದೇ ಮಾತು, ಮನೆತನಕ್ಕೂ ಅದೇ. ಹೋರಿಯ ಬದಲು ದನದ ದವಾಖಾನೆಯ ಸೂಜಿಯಿಂದ ಗಬ್ಬಾದ ಅವರ ಆಕಳು ಜರ್ಸಿ ಕರು ಹಾಕಿದಾಗ, ತಾವೇ ಹಡೆದವರಂತೆ ಓಣಿಗೆಲ್ಲ ಪೇಡೆ ಹಂಚಿದ್ದರು.

ಅವರಿಗೆ ಮಕ್ಕಳಾಗಲಿಲ್ಲವೆಂದು ಉಪವಾಸ, ಕಷಾಯವೆಲ್ಲ ಹೆಂಡತಿಯ ಪಾಲಿಗೆ ಮಾತ್ರ. ಕೊನೆಗೆ ಹುಬ್ಬಳ್ಳಿಯ ಡಾಕ್ಟರರು, ಗಂಡನ ವೀರ್ಯವನ್ನೇ ಸಣ್ಣ ನಳಿಕೆಯಿಂದ ಹೆಂಡತಿಯ ಗರ್ಭಕೋಶಕ್ಕೆ ಸೇರಿಸಿ ನೋಡಬಹುದು, ಆದರೆ ಮೊದಲು ಗಂಡನ ತಪಾಸಣೆ ಆಗಬೇಕು ಎಂದರಂತೆ. ಈ ಮಹಾಶಯರು ಚಪ್ಪಲಿ ಮೆಟ್ಟಿಕೊಂಡು ಎದ್ದು ಬಂದೇಬಿಟ್ಟರು.

ಮರುದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಅಪ್ಪನೆದುರು ಗುಡುಗಿದರು: "ನನ್ನ ತಪಾಸ್ ಮಾಡ್ತಾನಂತರೀ! ಸೂಜಿಲೆ ಮಕ್ಕಳ ಮಾಡ್ಕೊಳ್ಳಾಕ ನಾವೇನ್ ದನಾ ಏನ್ರಿ? ನಂದರಾಗ ಏನೂ ಕಮ್ಮಿ ಇಲ್ಲ."

ಪಕ್ಕದ ಅಂಗಳದಲ್ಲಿ ಆ ಜರ್ಸಿ ಕರುವಿಗೆ ಹುಲ್ಲು ಹಾಕುತ್ತಿದ್ದ ಅವರ ಹೆಂಡತಿ ತಲೆಯೆತ್ತದೆ ಹೇಳಿದರು:

"ದನಕ್ಕ ಸೂಜಿ ಮಾಡೂಮುಂದೂ ಮೊದಲ ಹೋರಿ ತಪಾಸ್ ಆಗಿರ್ತೈತಂತ್ರಿ."